ಗೆರೆಯಮ್ಮ ಗುಂಡಿ ಒತ್ತಿದ್ದು

ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದಲ್ಲಿ ಅವಳನ್ನು ಎಲ್ಲರೂ ಗೆರೆಯಮ್ಮ ಎಂದೇ ಕರೆಯುತ್ತಿದ್ದರು. ಹೃದಯ ಎದೆಯೊಳಗೆ ನೆಟ್ಟಗೆ ಕೂತಿರುವುದಿಲ್ಲ, ಒಬ್ಬೊಬ್ಬರದು ಒಂದೊಂದು ಓರೆ. ಎಂಆರ್‌ಐ ಯಂತ್ರ ಯಾವ ಓರೆಯಲ್ಲಿ ಚಿತ್ರ ತೆಗೆಯಬೇಕೆಂದು ಮೊದಲು ಪರದೆಯ ಮೇಲೆ ಗೆರೆ ಎಳೆದು ತೋರಿಸಬೇಕು. ಅದರಲ್ಲಿ ಅವಳದು ಎತ್ತಿದ ಕೈ. ಹಾಗಾಗಿ, ಒಂದು ಗುಂಡಿ ಒತ್ತಿದರೆ ಗೆರೆಗಳನ್ನು ತಾನೇ ಎಳೆಯುವ ತಂತ್ರಾಂಶ ಬಂದಾಗ ಅವಳಿಗೆ ಮೈಯೆಲ್ಲ ಉರಿಯಿತು. ಉಳಿದವರು ಅದನ್ನು ಬಳಸಿ ಅರ್ಧ ಹೊತ್ತಿನಲ್ಲೇ ಕೆಲಸ ಮುಗಿಸುತ್ತಿದ್ದರು. ಅವಳು ಮಾತ್ರ ಆ ಗುಂಡಿಯ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಅಷ್ಟರಲ್ಲಿ ಲಾರಿ ಓಡಿಸುವ ಅವಳ ಅಣ್ಣನಿಗೇ ಏದುಸಿರು ಶುರುವಾಯಿತು. ಹೃದಯದ ವೈದ್ಯರು ಎಂಆರ್‌ಐ ಬರೆದುಕೊಟ್ಟರು. ತಂಗಿಯೇ ಅವನನ್ನು ಯಂತ್ರದೊಳಗೆ ಮಲಗಿಸಿದಳು. ಎರಡನೆಯ ಗೆರೆ ಎಳೆಯುತ್ತಿರುವಾಗಲೇ ಅವನು ಕೈಗೆ ಕೊಟ್ಟಿದ್ದ ಕರೆಗಂಟೆಯ ರಬ್ಬರ್ ಉಂಡೆ ಹಿಸುಕಿದ.

"ಆಗಲ್ಲ ಕಣೇ. ಅಂಗಾತ ಮಲಗಿದ್ರೆ ಉಸಿರು ಕಟ್ಟುತ್ತೆ. ಇನ್ನೆಷ್ಟೊತ್ತು ಬೇಕು ನಿಂಗೆ?"

"ಮುಕ್ಕಾಲು ಗಂಟೆ ಅಣ್ಣ."

"ಅಷ್ಟರಲ್ಲಿ ನಾನೇ ಮೇಲೆ ಹೋಗಿರ್ತೀನಿ, ಬಿಡು."

ನಗಿಸಲೆಂದು ಹೇಳಿದ. ಅವಳು ನಗಲಿಲ್ಲ. ಹೊರಗೆ ಕೂರಿಸಿ, ಉಸಿರು ತಹಬಂದಿಗೆ ಬರುವವರೆಗೆ ಅವನ ಬೆನ್ನು ಸವರಿದಳು.

"ಇನ್ನೊಂದು ಸಲ ಮಲಗ್ತೀಯಾ? ಬೇಗ ಮುಗಿಸ್ತೀನಿ."

"ಸುಳ್ಳು ಹೇಳ್ಬೇಡ."

"ಚಿಕ್ಕೋಳಿದ್ದಾಗ ಹೇಳ್ತಿದ್ದೆ. ಈಗಿಲ್ಲ."

ಈ ಸಲ ಗುಂಡಿ ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಗೆರೆಗಳು ಬಿದ್ದವು. ತಪ್ಪು ಹುಡುಕಲು ಪರದೆಗೆ ಮೂಗು ತಾಗುವಷ್ಟು ಬಾಗಿದಳು. ಒಂದು ಗೆರೆಯನ್ನು ತುಸು ಸರಿಸಿದಳು. ನೋಡಿ, ಮತ್ತೆ ಇದ್ದಲ್ಲಿಗೇ ತಂದಳು. ಬಾಯಿ ಕಹಿಯಾಯಿತು, ಆದರೆ ಬೇಸರಪಡುತ್ತ ಕೂರಲು ಪುರುಸೊತ್ತಿರಲಿಲ್ಲ.

ಖಾಲಿಯಾದ ಕೈಗೆ ಮೈಕು ಸಿಕ್ಕಿತು. "ಉಸಿರು ಬಿಡಣ್ಣ... ಹಾಗೇ ಹಿಡ್ಕೋ... ಸಾಕು, ಉಸಿರಾಡು." ಯಂತ್ರದ ಗದ್ದಲ ನಿಂತಾಗಲೆಲ್ಲ ಅತ್ತಿಗೆಯ ಸುದ್ದಿ, ಸೈಕಲ್ ಕಲಿಸುತ್ತ ಅವನು ಅವಳನ್ನು ಚರಂಡಿಗೆ ಬೀಳಿಸಿದ ಸುದ್ದಿ. ಯಾವ ರೋಗಿಯೊಡನೆಯೂ ಅವಳು ಇಷ್ಟು ಮಾತಾಡಿದವಳಲ್ಲ. ಅಣ್ಣ ಕೊನೆಯವರೆಗೂ ಮಲಗಿದ್ದ.

ಹೃದಯದ ಸ್ನಾಯು ಊದಿಕೊಂಡಿದೆಯೆಂದು ವರದಿ ಬಂತು. ಮಾತ್ರೆ, ವಿಶ್ರಾಂತಿ, ಕೆಲವು ತಿಂಗಳು ಲಾರಿ ಮುಟ್ಟುವಂತಿಲ್ಲ. ತಂಗಿಯ ಕೈಚಳಕವೆಂದು ಅಣ್ಣ ಕಂಡಕಂಡವರ ಮುಂದೆ ಡಂಗುರ ಸಾರಿದ.

"ನಾನಲ್ಲಣ್ಣ, ಗೆರೆ ಎಳೆದಿದ್ದು ಆ ಯಂತ್ರ."

"ಚರಂಡಿ ವಿಷ್ಯ ಎತ್ತಿದ್ದೂ ಅದೇನಾ?"

ಆಮೇಲೆ ಅವಳು ಎಲ್ಲರಿಗೂ ಗುಂಡಿಯನ್ನೇ ಒತ್ತತೊಡಗಿದಳು. ಗೆರೆ ತಪ್ಪಿದ್ದರೆ ತಿದ್ದುತ್ತಿದ್ದಳು. ಸರಿಯಿದ್ದರೆ ಒಳಗೆ ಮಲಗಿದವರ ಊರು, ಮಕ್ಕಳು ವಿಚಾರಿಸುತ್ತಿದ್ದಳು.