ಬೆಂದ ಬದನೆಯಂಥ ತಮ್ಮ

ಗ್ರೀಸಿನ ನಮ್ಮ ನಾಕ್ಸೋಸ್ ದ್ವೀಪದ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಎವಾಂಥಿಯಾ, ಮನೆಯವರೊಬ್ಬರನ್ನು ಉಪಮೆಗಳಿಂದ ಹೊಗಳಿ ಬರೆಯಲು ಹೇಳಿದ್ದರು. ಇದರಲ್ಲೂ ಎಡವಿದರೆ ಸ್ತಮಾತಿಯಾ ಫೇಲು. ಅವಳು ಹಸುಗೂಸು ತಮ್ಮನ ತೊಟ್ಟಿಲ ಬಳಿ ಕೂತು, "ನಿನ್ನ ಕಣ್ಣು ನಕ್ಷತ್ರದ ಹಾಗೆ" ಎಂದಳು.

ಅಜ್ಜಿ ಓಡಿಬಂದು ಮಗುವಿನತ್ತ ತೂ ತೂ ಎಂದು ಉಗಿದಳು. "ದೃಷ್ಟಿ ತಾಗುತ್ತೆ ಕಣೇ ಮೂದೇವಿ! ಇನ್ನೂ ದೀಕ್ಷಾಸ್ನಾನಾನೂ ಆಗಿಲ್ಲ. ಬೇಗ ಏನಾದ್ರೂ ಕೆಟ್ಟದಾಗಿ ಹೇಳು!"

ದೇವರು ಕೊಟ್ಟ ಕೂಸು. ಅಜ್ಜಿಯ ಮಾತು ಮೀರುವುದುಂಟೇ? ತಮ್ಮನ ಮುಖ ಬೆಂದ ಬದನೆಯಂತೆ, ಮೂಗು ಒಣ ಅಂಜೂರದಂತೆ, ಅಳು ಕತ್ತೆಯ ಕೂಗಿನಂತೆ ಎಂದು ಸ್ತಮಾತಿಯಾ ಇಂಗ್ಲಿಷಿನಲ್ಲಿ ಬರೆದಳು.

ತರಗತಿಯಲ್ಲಿ ಎದ್ದು ನಿಂತು ಅದನ್ನೇ ಓದಿದಳು. ಟೀಚರೂ ಇದೇ ಊರಿನ ಹೆಣ್ಣುಮಗಳು. ಕಣ್ಣರಳಿಸಿ, "ಅಯ್ಯೋ ದೇವರೇ, ಅಷ್ಟೊಂದು ಚೆಂದ ಇದ್ದಾನೇನೇ?" ಎಂದು ಪೂರ್ತಿ ಅಂಕ ಕೊಟ್ಟರು.