ಹೋಲಿಕೆಯ ಮಣ್ಣು

ಯಂತ್ರದ ಬಾಯಿ ಮುಚ್ಚಿಕೊಂಡಿತು, ಒಳಗೆ ಮಣ್ಣು ಸುಡುತ್ತಿದೆ, ಇನ್ನು ಐದು ನಿಮಿಷ, ಪರದೆಯ ಮೇಲಿನ ಗೆರೆ ತಳಕ್ಕೆ ಅಂಟಿಕೊಂಡಿದೆ, ಇರಲಿ, ಹಾಗೇ ಇರಲಿ, ಏಳಬೇಡ — ಎದ್ದಿತು, ಮೂರನೇ ಸಲವೂ ಅಷ್ಟೇ ಎತ್ತರಕ್ಕೆ, ಪಾದರಸ, ಮುಚ್ಚಿಹೋದ ಥರ್ಮಾಮೀಟರ್ ಕಾರ್ಖಾನೆಯ ಬೇಲಿಯೊಳಗಿನ ಮಣ್ಣಿಗಿಂತ ಹೆಚ್ಚು. ಇದು ಹೋಲಿಕೆಯ ಮಣ್ಣು, ಶುದ್ಧವಾಗಿರಬೇಕಾದ ಮಣ್ಣು, ಕಾರ್ಖಾನೆಯ ಹೊಲಸು ಎಷ್ಟೆಂದು ತೋರಿಸಲು ಪಕ್ಕದಲ್ಲಿ ಇಡುವಂಥದ್ದು. ಲ್ಯಾಬಿನ ಮೇಡಂ ಹೆಗಲ ಹಿಂದಿನಿಂದ ಬಗ್ಗಿ ನೋಡುತ್ತಿದ್ದಾರೆ, ಏನಮ್ಮ, ಕಳ್ಳನ ಪಕ್ಕ ಒಬ್ಬ ಸಾಚಾನ ನಿಲ್ಲಿಸು ಅಂದ್ರೆ ಅವರಪ್ಪನ್ನೇ ಕರ್ಕೊಂಡು ಬಂದಿದೀಯಲ್ಲ, ಎಲ್ಲಿ ಅಗೆದೆ ಇದನ್ನ, ನಾನೂ ನಕ್ಕೆ, ತುಟಿ ಒಣಗಿ ಹಲ್ಲಿಗೆ ಅಂಟಿತು, ಊರಾಚೆ ಒಂದು ತೋಟದಲ್ಲಿ ಮೇಡಂ. ಸುಳ್ಳು. ಭಾನುವಾರದ ಬಿಸಿಲಲ್ಲಿ ಬಸ್ಸು ಹತ್ತುವವರು ಯಾರು, ಹಿತ್ತಲಿಗೆ ಹೋಗಿ ಸೊಪ್ಪಿನ ಮಡಿಯಿಂದಲೇ ಡಬ್ಬಿ ತುಂಬಿಕೊಂಡೆ, ಕಾರ್ಖಾನೆಯಿಂದ ನಾಲ್ಕು ಕಿಲೋಮೀಟರ್ ದೂರ, ಅಂಗಡಿ ಗೊಬ್ಬರ ಕಾಣದ ನೆಲ, ಅಪ್ಪ ಮಗುವಿನ ತಲೆ ಬಾಚಿದ ಹಾಗೆ ನೋಡಿಕೊಂಡ ನೆಲ, ಇದಕ್ಕಿಂತ ಶುದ್ಧ ಎಲ್ಲಿದೆ ಅಂದುಕೊಂಡೆ. ಡಬ್ಬಿ ಕೊಳೆಯಾಗಿತ್ತೋ ಏನೋ, ಬಿಸಾಕು, ಬೇರೆ ತಗೊಂಡು ಬಾ, ಈ ಸಾಲು ವರದಿಗೆ ಬೇಡ, ಎಂದು ಮೇಡಂ ಊಟಕ್ಕೆ ಹೋದರು.

ಬಿಸಾಕಬಹುದು, ಕೇಳುವವರಿಲ್ಲ, ಆದರೆ ಡಬ್ಬಿ ತೊಳೆದವಳು ನಾನು, ಮೂರು ಡಬ್ಬಿ, ಮೂರರಲ್ಲೂ ಅದೇ ಗೆರೆ — ಹತ್ತೊಂಬತ್ತು ವರ್ಷ ಅಪ್ಪ ಆ ಕಾರ್ಖಾನೆಯಲ್ಲಿ ಒಡೆದ ಥರ್ಮಾಮೀಟರಿನ ಮೂಟೆ ಹೊತ್ತರು, ಖಾಲಿಯಾದ ಆ ಗೋಣಿಚೀಲ ಯಾರು ಬೇಕಾದರೂ ಒಯ್ಯಬಹುದಿತ್ತು, ಅಪ್ಪ ಎಲ್ಲರಿಗಿಂತ ಹೆಚ್ಚು ಒಯ್ದರು, ಹಿತ್ತಲ ಕಲ್ಲಿನ ಮೇಲೆ ಕೂತು ಒಂದೊಂದೇ ಗಾಜಿನ ಚೂರು ಆರಿಸಿ, ಚೀಲ ಒಗೆದು, ಒದ್ದೆಯಾಗಿಯೇ ಮಡಿಯ ಮೇಲೆ ಹಾಸುತ್ತಿದ್ದರು, ಬೀಜ ಒಣಗಬಾರದು, ಚೀಲ ಕೊಳೆತು ಮಣ್ಣಾದರೆ ಇನ್ನೊಂದು ಚೀಲ, ಅದು ಕೊಳೆತರೆ ಮತ್ತೊಂದು. ಗಾಜು ಆರಿಸಿದರು, ಗಾಜು ಕಣ್ಣಿಗೆ ಕಾಣುತ್ತಿತ್ತು. ನನ್ನ ಊಟದ ಡಬ್ಬಿಯ ಮುಚ್ಚಳ ತೆಗೆದೆ, ಅನ್ನದ ಪಕ್ಕ ಬೆಂದ ಸೊಪ್ಪು, ಚಿಟಿಕೆಯಷ್ಟು ಎತ್ತಿ ತೂಕ ಮಾಡಿ ಯಂತ್ರಕ್ಕೆ ಕೊಟ್ಟೆ, ಗೆರೆ ಎದ್ದಿತು, ಮಣ್ಣಿನಷ್ಟು ಎತ್ತರಕ್ಕಲ್ಲ, ಆದರೂ ಎದ್ದಿತು, ತಿನ್ನುವ ವಸ್ತುವಿನಲ್ಲಿ ಏಳಬಾರದಷ್ಟು. ನಾನು ತಿಂದದ್ದು ಹಾಳಾಗಲಿ, ಅಕ್ಕ, ಏಳು ತಿಂಗಳ ಬಸುರಿ ಅಕ್ಕ, ರಕ್ತ ಕಡಿಮೆ ಇದೆ ದಿನಾ ಸೊಪ್ಪು ತಿನ್ನಿ ಎಂದ ಡಾಕ್ಟರು, ಅಂಗಡಿ ಸೊಪ್ಪು ಯಾಕೆ, ಮನೇದೇ ಇದೆಯಲ್ಲ ಎಂದ ಅಪ್ಪ, ಒಳಗಿನ ಮಗುವಿನ ಮೆದುಳು ಈಗ ಬೆಳೆಯುತ್ತಿದೆ, ಪಾದರಸ ಹುಡುಕಿಕೊಂಡು ಹೋಗುವುದು ಅಲ್ಲಿಗೇ, ಓದಿ ಪಾಸಾದ ಪಾಠ. ಮಣ್ಣಿನ ಡಬ್ಬಿಗಳ ಚೀಟಿಯ ಮೇಲೆ ನಮ್ಮ ಮನೆ ವಿಳಾಸ ಬರೆದೆ, ಮೂರರ ಮೇಲೂ, ಮೇಡಂ ಏನಾದರೂ ಮಾಡಿಕೊಳ್ಳಲಿ, ಗಂಟೆ ಒಂದೂ ಕಾಲು, ಮನೆಗೆ ಫೋನು, ಎತ್ತು, ಯಾರಾದರೂ ಎತ್ತಿ —

ಅಪ್ಪ ಎತ್ತಿದರು. ಏನು ಮಗಳೇ, ಊಟ ಆಯ್ತಾ, ಅಕ್ಕ ಎಲ್ಲಪ್ಪಾ, ಇಲ್ಲೇ ಊಟಕ್ಕೆ ಕೂತಿದಾಳೆ, ಇವತ್ತು ಎರಡು ಕಟ್ಟು ಸೊಪ್ಪು ಕಿತ್ತೆ, ಅಳಿಯಂದಿರು ಫೋನ್ ಮಾಡಿ ಹೆಂಡತಿನ ಹಸು ಮಾಡಿಬಿಟ್ರಾ ಮಾವ ಅಂತಾರೆ, ಅಪ್ಪ ನಗುತ್ತಿದ್ದಾರೆ, ಅಪ್ಪಾ ಸೊಪ್ಪು ತಿನ್ನಬಾರದು, ಅದರಲ್ಲಿ ಪಾದರಸ ಇದೆ, ನಮ್ಮ ಮಣ್ಣಲ್ಲೇ ಇದೆ, ನಿಮ್ಮ ಮಿಷನ್ ಕೆಟ್ಟಿರ್ಬೇಕು ಕಣೇ, ಕೆಟ್ಟಿಲ್ಲ ಅಪ್ಪಾ, ನಮ್ಮ ಹಿತ್ತಲಿಗೆ ಅದು ಎಲ್ಲಿಂದ ಬರುತ್ತೆ ಹೇಳು, ಗೋಣಿಚೀಲ ಅಪ್ಪಾ, ಅಷ್ಟೇ ಅಂದೆ. ತೊಳೆದಿದ್ನಲ್ಲ, ಎಂದರು, ಎಲ್ಲಾನೂ ತೊಳೆದಿದ್ನಲ್ಲ ಮಗಳೇ, ಅವಳ ತಟ್ಟೆ ತೆಗೀರಿ ಅಪ್ಪಾ, ಫೋನಿನ ಆಚೆ ತಟ್ಟೆಗೆ ಚಮಚ ತಾಗುವ ಸದ್ದು, ಅಪ್ಪಾ ಕೇಳಿಸ್ತಾ, ಚಮಚ ತಟ್ಟೆಯ ಅಂಚಿನಿಂದ ಬಳಿಯುತ್ತಿದೆ, ಯಾರಪ್ಪಾ ಫೋನು ಎಂದು ಅಕ್ಕನ ತುಂಬಿದ ಬಾಯಿ, ಅಪ್ಪಾ, ಚಮಚ ಎದ್ದಿತು, ತಾಗಿತು, ಅಪ್ಪಾ, ಚಮಚ