ನೂರೆಂಟು ಡಿಗ್ರಿಯ ನಾಕಾ

ಗುರುಪಾದಯ್ಯನಂಥ ದಡ್ಡನನ್ನು ಮದೀನಾಬಿ ತನ್ನ ಅರವತ್ತು ವರ್ಷಗಳ ಬಾಳಿನಲ್ಲಿ ಕಂಡಿರಲಿಲ್ಲ. ದಡ್ಡರನ್ನೇ ಕಂಡಿರಲಿಲ್ಲವೆಂದಲ್ಲ. ವಿಜಾಪುರದ ಹೆಣ್ಣುಮಕ್ಕಳ ದವಾಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಆಯಾ ಆಗಿ ದುಡಿದವಳು ಆಕೆ. ದಡ್ಡರನ್ನು ರಾಶಿ ರಾಶಿ ಕಂಡಿದ್ದಳು. ಆದರೆ ಅವರೆಲ್ಲ ತಮ್ಮ ಪಾಡಿಗೆ ತಾವು ದಡ್ಡರಾಗಿದ್ದರು. ಇವನ ದಡ್ಡತನಕ್ಕೆ ಯಾರೋ ಪುಣ್ಯಾತ್ಮರು ಒಂದು ಟೇಬಲ್ಲು, ಒಂದು ಬಿಸಿಲ ಟೊಪ್ಪಿಗೆ, ಜೊತೆಗೆ ಗೈಬುಸಾಬನೆಂಬ ಒಬ್ಬ ಪೊಲೀಸನನ್ನೂ ಕೊಟ್ಟಿದ್ದರು.

ಅದು ನಲವತ್ತೈದನೆಯ ಇಸವಿಯ ಏಪ್ರಿಲ್. ಎಲ್ಲೋ ಇಲಿ ಸತ್ತು ಬಿದ್ದವಂತೆ, ಪ್ಲೇಗು ಬರುತ್ತದಂತೆ ಎಂಬ ಸುದ್ದಿಗೆ ತಿಕೋಟಾದಿಂದ ವಿಜಾಪುರಕ್ಕೆ ಹೋಗುವ ದಾರಿಯಲ್ಲಿ, ಭೂತನಾಳದ ಹತ್ತಿರ, ಅಡ್ಡಬಿದಿರು ಕಟ್ಟಿ ಜ್ವರದ ನಾಕಾ ಮಾಡಿದ್ದರು. ಜ್ವರ ಇಲ್ಲದವರಿಗೆ ಒಂದು ಚೀಟಿ, ಅದನ್ನು ಹಿಡಿದು ಊರೊಳಗೆ ಹೋಗಬಹುದು. ಜ್ವರ ಇದ್ದವರಿಗೆ ಪಕ್ಕದ ತಗಡಿನ ಶೆಡ್ಡು, ಏಳು ದಿನ. ಅಳೆಯುವವನು ಬಬಲೇಶ್ವರದ ಗುರುಪಾದಯ್ಯ. ಹೋದ ವಾರದ ತನಕ ಗೋಡೆಗಳಿಗೆ ಜಾಹೀರಾತು ಅಂಟಿಸುತ್ತಿದ್ದವನು. ಡಾಕ್ಟರರೊಬ್ಬರು ಅವನ ಕೈಗೆ ಥರ್ಮಾಮೀಟರ್ ಕೊಟ್ಟು, ಹೇಗೆ ಹಿಡಿಯಬೇಕೆಂದು ಒಮ್ಮೆ ತೋರಿಸಿ, "ಯುದ್ಧದ ಕಾಲ ಐತಿ. ಇದು ಒಡದ್ರ ಇನ್ನೊಂದು ಸಿಗಂಗಿಲ್ಲ, ನಿನ್ನ ನೌಕರಿನೂ ಉಳಿಯಂಗಿಲ್ಲ" ಎಂದು ಹೇಳಿ ಹೋಗಿದ್ದರು. ತೋರಿಸುವಾಗ ಅವರು ಕೊಳವೆಯನ್ನು ಎರಡು ಸಲ ಜೋರಾಗಿ ಝಾಡಿಸಿದ್ದರು. ಹತ್ತಿದ ನೀರನ್ನು ಝಾಡಿಸುತ್ತಿದ್ದಾರೆ ಎಂದುಕೊಂಡಿದ್ದ ಮಹಾಶಯ.

ನಾಕಾ ಶುರುವಾದ ಮರುದಿನವೇ ಮದೀನಾಬಿ ತಿಕೋಟಾದಿಂದ ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಅಲ್ಲಿಗೆ ಬಂದಿಳಿದಳು. ಜೊತೆಗೆ ಮಗಳ ಮಗಳು ನೂರಜಹಾನ. ಮರುದಿನ ಬೆಳಿಗ್ಗೆ ಎಂಟಕ್ಕೆ ಹುಡುಗಿಗೆ ವಿಜಾಪುರದಲ್ಲಿ ಮುಲ್ಕಿ, ಅಂದರೆ ಏಳನೆಯ ಇಯತ್ತೆಯ ಪರೀಕ್ಷೆ. ಪಾಸಾದರೆ ಕನ್ನಡ ಸಾಲಿಯಲ್ಲಿ ಮಾಸ್ತರಬಾಯಿ ಆಗಬಹುದು. ಅವಳ ಅಪ್ಪ ಮಾತ್ರ ಒಂದೇ ಮಾತು ಹೇಳಿದ್ದ: ಈ ಸಲ ತಪ್ಪಿದರೆ ಜೂನಿನ ಮಿರ್ಗದ ಮಳೆ ಬೀಳುವುದರೊಳಗೆ ನಿಕಾಹ್. ಹುಡುಗನನ್ನೂ ನೋಡಿಟ್ಟಿದ್ದ, ಹುಡುಗನಿಗೆ ಮೂವತ್ತೆಂಟು ವರ್ಷ.

ಬಸ್ಸಿನಿಂದ ಇಳಿದವರೆಲ್ಲ ಸಾಲುಗಟ್ಟಿದರು. ಮದೀನಾಬಿ ಟೇಬಲ್ಲಿನ ಕಡೆ ನೋಡಿದಳು, ನೋಡಿ ಹಣೆ ಚಚ್ಚಿಕೊಂಡಳು. ಗುರುಪಾದಯ್ಯ ಒಬ್ಬೊಬ್ಬರ ಕಂಕುಳಿನಿಂದ ತೆಗೆದ ಥರ್ಮಾಮೀಟರನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಕ್ರಿಮಿ ಸಾಯಲಿ ಎಂದು ಹಿತ್ತಾಳೆ ತಾಟಿನಲ್ಲಿ ಬಿಸಿಲಿಗೆ ಒಣಹಾಕುತ್ತಿದ್ದ, ಹಪ್ಪಳ ಒಣಹಾಕಿದ ಹಾಗೆ! ವಿಜಾಪುರದ ಏಪ್ರಿಲ್ ಬಿಸಿಲು, ಮೇಲೆ ಹಿತ್ತಾಳೆ. ನಿನ್ನೆ ಮಧ್ಯಾಹ್ನದಿಂದ ಆ ದಾರಿಗೆ ಬಂದ ನರಮನುಷ್ಯರೆಲ್ಲರಿಗೂ ನೂರೆಂಟು ಡಿಗ್ರಿ. ಶೆಡ್ಡಿನಲ್ಲಿ ಆಗಲೇ ಹತ್ತೊಂಬತ್ತು ಮಂದಿ ಕೂತಿದ್ದರು. ಅವರಲ್ಲಿ ಒಬ್ಬನಿಗಾದರೂ ತನ್ನ ಹಣೆ ತಾನು ಮುಟ್ಟಿ ನೋಡಿಕೊಳ್ಳುವ ಬುದ್ಧಿ ಬಂದಿರಲಿಲ್ಲ.

ಸಾಲಿನ ಮೊದಲಿಗ ಹೊನವಾಡದ ಬೆಲ್ಲದ ವ್ಯಾಪಾರಿ ಅಮರಪ್ಪ. ಶೇಂಗಾ ತಿನ್ನುತ್ತ ಕಂಕುಳೆತ್ತಿದ.

"ನೂರೆಂಟು," ಎಂದ ಗುರುಪಾದಯ್ಯ.

ಅಮರಪ್ಪನ ಬಾಯಿ ನಿಂತಿತು. "ಯಪ್ಪಾ! ಅದಕ್ಕ ಮುಂಜಾನಿಂದ ಒಂದ್ ನಮೂನಿ ಆಗಾಕತ್ತಿತ್ತು ನೋಡ್ರಿ," ಎಂದ.

ಮದೀನಾಬಿಗೆ ಇನ್ನು ತಡೆಯಲಾಗಲಿಲ್ಲ. "ಏನ್ ನಮೂನಿನೋ ನಿಂದು? ನೂರೆಂಟು ಡಿಗ್ರಿ ಬಂದಾವ ಶೇಂಗಾ ತಿಂತಾನೇನು? ಅವನ ಬಾಯಾಗ ನೀರು ಬಿಡೂ ಹೊತ್ತು ಅದು!" ಎಂದವಳೇ ಟೇಬಲ್ಲಿನ ಮುಂದೆ ಬಂದಳು. "ಸಾಹೇಬ್ರ, ಆ ಕೊಳವಿ ತಣ್ಣೀರಾಗ ಅದ್ದಿ ಝಾಡಸ್ರಿ. ಒಳಗ ಇರೂದು ಪಾದರಸ. ಬಿಸಿ ತಾಕಿದ್ರ ಉಬ್ಬತೈತಿ, ಏರತೈತಿ. ಮೈ ಬಿಸಿ ಯಾವ್ದು, ಬಿಸಿಲು ಯಾವ್ದು, ಅದಕ್ಕೇನು ಗೊತ್ತು? ಗುಂಡಿನ ಮ್ಯಾಲೆ ಕುತ್ತಿಗಿ ಸಣ್ಣದು ಮಾಡ್ಯಾರ, ಏರಿದ್ದು ತಾನ ಇಳಿಯಬಾರದು ಅಂತ. ಕಂಕುಳಿಂದ ತಗದ ಕೂಡ್ಲೇ ಇಳಿದುಬಿಟ್ರ ಡಾಕ್ಟರು ಓದೂದರ ಹ್ಯಾಂಗ? ನಾವ ಝಾಡಿಸಿ ಇಳಸಬೇಕು. ಬ್ಯಾಸಗ್ಯಾಗ ನಮ್ಮ ದವಾಖಾನಿ ಡಾಕ್ಟರಬಾಯಿ ಇವನ್ನ ಹಸಿ ಉಸುಕಿನ್ಯಾಗ ಇಡಸ್ತಿದ್ರು. ಇದು ಈ ಮಂದಿ ಜ್ವರ ಅಲ್ರಿ, ನಿಮ್ಮ ಹಿತ್ತಾಳಿ ತಾಟಿನ ಜ್ವರ."

ಗುರುಪಾದಯ್ಯ ಟೊಪ್ಪಿಗೆ ಸರಿಮಾಡಿಕೊಂಡ. "ಎಷ್ಟನೇತ್ತಾ ಓದೀದಿ?"

"ಓದಿಲ್ರಿ. ದವಾಖಾನ್ಯಾಗ ಆಯಾ ಆಗಿ ಇಪ್ಪತ್ತೆರಡು ವರ್ಷ ಇವನ್ನ ತೊಳದೀನಿ."

"ತೊಳದೀಯಂತ! ಕಸಾ ಹೊಡಿಯೂ ಆಯಾ ನನಗ ಸಾಯನ್ಸ್ ಕಲಸಾಕ ಬಂದಾಳ ನೋಡೋ ಗೈಬುಸಾಬ. ಝಾಡಿಸಿ ಒಡದ್ರ ಯಾರಪ್ಪಂದು?"

ಸಾಲಿನಲ್ಲಿದ್ದವರು ನಕ್ಕರು. ನೂರೆಂಟು ಡಿಗ್ರಿಯ ಅಮರಪ್ಪನೂ ನಕ್ಕ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಮ್ಮನಾದರೂ ಇರುತ್ತದೆ, ನಗುವುದಿಲ್ಲ.

ನೂರಜಹಾನಳ ಸರದಿ ಬಂತು. ಮದೀನಾಬಿಯೇ ಮೊಮ್ಮಗಳ ಕುಪ್ಪಸದೊಳಗೆ ಕೊಳವೆ ಇಟ್ಟಳು, ಬೆರಳು ಚುರ್ರೆಂದಿತು. ನೂರೆಂಟು. ಗೈಬುಸಾಬ ಹುಡುಗಿಗೆ ಶೆಡ್ಡಿನ ಕಡೆ ಲಾಠಿ ತೋರಿಸಿದ. "ನಾನಿ, ನಂಗ ಜ್ವರ ಇಲ್ಲ. ನಾಳೆ ಪೇಪರ್ ಐತಿ," ಎಂದು ಹುಡುಗಿ ಅಳತೊಡಗಿದಳು.

ಮದೀನಾಬಿ ಮೊಮ್ಮಗಳನ್ನು ತನ್ನ ಹಿಂದಕ್ಕೆ ಎಳೆದುಕೊಂಡಳು. "ಸಾಹೇಬ್ರ, ಒಂದ ಮಾತು. ನೀವು ಇಟ್ಕೊಂಡು ನೋಡ್ರಿ. ನಿಮಗಂತೂ ಜ್ವರ ಇಲ್ಲಲ್ಲ?"

"ನನಗ್ಯಾಕ?"

"ಹೌದ್ರಿ, ನೀವೂ ನೋಡ್ಕೊಳ್ರಿ," ಎಂದ ಅಮರಪ್ಪ. ಶೆಡ್ಡಿಗೆ ಜೊತೆಯೊಬ್ಬ ಸಿಕ್ಕರೆ ಯಾರಿಗೆ ಬೇಡ? ಸಾಲಿನವರೆಲ್ಲ ಹೂಂ ಹೂಂ ಎಂದರು. ಗುರುಪಾದಯ್ಯ ಎದೆ ಉಬ್ಬಿಸಿ, ಅಂಗಿಯ ಗುಂಡಿ ಬಿಚ್ಚಿ, ತಾಟಿನ ಮೇಲಿದ್ದ ಥರ್ಮಾಮೀಟರನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ತೆಗೆದು ಓದಿದ. ಇನ್ನೊಮ್ಮೆ ಓದಿದ.

ಈಗಲಾದರೂ ತಿಳಿಯಿತಲ್ಲ ಎಂದು ಮದೀನಾಬಿ ಉಸಿರುಬಿಟ್ಟಳು. ಎಲ್ಲಿಯ ತಿಳಿಯುವುದು! ಗುರುಪಾದಯ್ಯನ ಮುಖ ಸುಣ್ಣದಂತಾಯಿತು. ಪ್ಲೇಗಿನ ಗಂಟು ಎದ್ದಿದೆಯೋ ಎಂದು ಕಂಕುಳು ತಡವಿದ, ತೊಡೆಸಂದು ತಡವಿದ. "ಯಪ್ಪಾ, ನನಗೂ ಬಂತಲ್ಲೋ!" ಎಂದು ಕೂಗಿ, ಟೊಪ್ಪಿಗೆಯನ್ನು ಅಲ್ಲಿಯೇ ಬಿಟ್ಟು, ಸ್ವಂತ ಕಾಲಮೇಲೆ ನಡೆದುಹೋಗಿ ಶೆಡ್ಡು ಸೇರಿದ. ಗಾಜು ಸುಳ್ಳು ಹೇಳುತ್ತದೆ ಎಂದು ನಂಬುವುದಕ್ಕಿಂತ ತಾನು ಸಾಯುತ್ತೇನೆ ಎಂದು ನಂಬುವುದು ಆ ಮನುಷ್ಯನಿಗೆ ಸುಲಭವಾಗಿತ್ತು.

ಮದೀನಾಬಿ ನಗಬೇಕೆನ್ನುವಷ್ಟರಲ್ಲಿ ಚೀಟಿಯ ನೆನಪಾಯಿತು. ಚೀಟಿಗೆ ಸಹಿ ಮಾಡುವವನು ಅವನೊಬ್ಬನೇ. ಗೈಬುಸಾಬ ಹತ್ತು ಮಾರು ಹಿಂದೆ ಸರಿದು, "ಅಂವ ಮುಟ್ಟಿದ ಕಾಗದ ನಾ ಮುಟ್ಟಂಗಿಲ್ಲ, ಬಿದಿರೂ ಎತ್ತಂಗಿಲ್ಲ," ಎಂದುಬಿಟ್ಟ. ಬಸ್ಸಿನ ಡ್ರೈವರು ಇದ್ದಿಲ ಒಲೆಯನ್ನು ಕೆದಕುತ್ತ, ಒಂದು ತಾಸಿಗಿಂತ ಒಂದು ನಿಮಿಷ ಹೆಚ್ಚು ನಿಲ್ಲುವುದಿಲ್ಲ, ಖಾಲಿ ಬಸ್ಸಾದರೂ ಸೈ, ಹಿಂದಕ್ಕೆ ಹೊಡೆಯುತ್ತೇನೆ ಎಂದ.

ಮದೀನಾಬಿ ಸೆರಗು ಸಿಕ್ಕಿಸಿ ಶೆಡ್ಡಿನೊಳಕ್ಕೆ ನುಗ್ಗಿದಳು. ಗುರುಪಾದಯ್ಯ ಅಂಗಾತ ಮಲಗಿ, ಹೆಂಡತಿ ಅಕ್ಕನಾಗಮ್ಮನಿಗೆ ಎಮ್ಮೆ ಮಾರಬೇಡವೆಂದು ಹೇಳಿರೆಂದು ಪಕ್ಕದವನಿಗೆ ಕೊನೆಯ ಮಾತು ಒಪ್ಪಿಸುತ್ತಿದ್ದ. ಮದೀನಾಬಿ ಅವನ ಕೈಯಿಂದ ಥರ್ಮಾಮೀಟರ್ ಕಸಿದಳು. ಮೂಲೆಯಲ್ಲಿದ್ದ ಮಣ್ಣಿನ ಕೊಡದ ತಣ್ಣೀರಿನಲ್ಲಿ ಅದ್ದಿ ಹಿಡಿದಳು, ತೆಗೆದು ಮೂರು ಸಲ ಝಾಡಿಸಿದಳು. "ಒಡೀತೈತಿ ಬೇ, ಒಡೀತೈತಿ!" ಎಂದು ಸಾಯುವವನು ನರಳಿದ. ಅವನ ಕಂಕುಳಿಗೆ ಅದನ್ನು ತುರುಕಿ, ತೋಳನ್ನು ಒತ್ತಿ ಹಿಡಿದು, ದವಾಖಾನೆಯಲ್ಲಿ ಎಣಿಸುತ್ತಿದ್ದ ಹಾಗೆ ಮೂರು ನಿಮಿಷ ಎಣಿಸಿದಳು.

"ಈಗ ಓದು."

"ತೊಂಬತ್ತೆಂಟು," ಎಂದ ಗುರುಪಾದಯ್ಯ. ಎದ್ದು ಕೂತ. ಇದ್ದಕ್ಕಿದ್ದಂತೆ ಆಕೆಯ ಕಾಲ ಮೇಲೆ ಬಿದ್ದ. "ಯವ್ವಾ! ಇಳೀತಬೇ! ನೀರಿಗೆ ಏನು ಮಂತ್ರಾ ಹಾಕಿದಿ?"

"ಮಂತ್ರ ಅಲ್ಲೋ ಹುಚ್ಚ ಖೋಡಿ, ಝಾಡಿಸಿದ್ದಕ್ಕ—"

ಕೇಳಲು ಅವನೆಲ್ಲಿದ್ದ? ಹೊರಗೆ ಓಡಿ, ಜ್ವರ ಇಳಿಸುವ ನೀರು ಸಿಕ್ಕಿತೆಂದು ಕೂಗತೊಡಗಿದ್ದ. ಶೆಡ್ಡಿನ ಹತ್ತೊಂಬತ್ತು ಮಂದಿ, ಸಾಲಿನಲ್ಲಿದ್ದವರು, ಎಲ್ಲರೂ ಕೊಡದ ಮೇಲೆ ಬಿದ್ದರು. ತುರುಕರ ಕೈಯ ನೀರು ಎಂದು ಬಸ್ಸಿನಲ್ಲಿ ಆಕೆಯ ತಂಬಿಗೆಯನ್ನು ದೂರ ಸರಿಸಿದ್ದ ಅಮರಪ್ಪ ಮೂರು ಬೊಗಸೆ ಕುಡಿದ. ಬಸ್ಸಿನವರು ಮೊದಲು ಎಂದು ಮದೀನಾಬಿಯೇ ಕೊಳವೆಯನ್ನು ಅದ್ದಿ, ಝಾಡಿಸಿ ಕೊಡುತ್ತ ಹೋದಳು. ತೊಂಬತ್ತೆಂಟು ಬಂದಂತೆಲ್ಲ ಗುರುಪಾದಯ್ಯ ಶರಣು ಶರಣು ಎನ್ನುತ್ತ ಚೀಟಿ ಬರೆದ.

"ನಾನಿ, ನೀರಿನಿಂದ ಅಲ್ಲ ಅಂತ ಹೇಳು," ಎಂದಳು ನೂರಜಹಾನ.

ಬಸ್ಸು ಹಾರ್ನ್ ಹೊಡೆಯಿತು. ಆ ದಡ್ಡನ ಕಿವಿ ಹಿಂಡಿ ಕೂರಿಸಿ, ನಾಲ್ಕು ಸಲ ಮಾಡಿಸಿ ಕಲಿಸಲು ಒಂದು ತಾಸು ಬೇಕಿತ್ತು. ಒಂದು ತಾಸು ಮದೀನಾಬಿಯ ಹತ್ತಿರ ಇರಲಿಲ್ಲ. ಇದ್ದಿದ್ದರೂ ಕೊಡುತ್ತಿದ್ದಳೋ ಇಲ್ಲವೋ! ಸಾಯಲಿ, ಇವರಿಗೆ ಖರೇ ಹೇಳಿ ನನಗೇನಾಗಬೇಕು ಎನ್ನಿಸಿತು. "ಬಾಯಿ ಮುಚ್ಕೊಂಡು ಹತ್ತು," ಎಂದು ಮೊಮ್ಮಗಳನ್ನು ಬಸ್ಸಿಗೆ ನೂಕಿದಳು.

ಪರೀಕ್ಷೆ ಚೆನ್ನಾಗಿಯೇ ಆಯಿತು. ಐದನೆಯ ದಿನ ಇಬ್ಬರೂ ತಿಕೋಟಾಕ್ಕೆ ಹಿಂತಿರುಗುವಾಗ ಬಸ್ಸು ಅದೇ ಬಿದಿರಿನ ಬಳಿ ನಿಂತಿತು, ಇಬ್ಬರೂ ಇಳಿದರು. ಆ ಕೊಡ ಈಗ ಟೇಬಲ್ಲಿನ ಮೇಲಿತ್ತು. ಅದಕ್ಕೆ ಕುಂಕುಮ, ಚೆಂಡುಹೂವಿನ ಮಾಲೆ, ಎದುರಿಗೆ ಊದಿನಕಡ್ಡಿ. ವಿಜಾಪುರದ ಕಡೆ ಹೋಗುವ ಬಸ್ಸಿನವರು ಸಾಲಾಗಿ ನಿಂತಿದ್ದರು. ಸಾಲಿನಲ್ಲಿ ಘೋಣಸಗಿಯ ಸಕ್ರವ್ವ ಎಂಬ ಬಾಣಂತಿ, ತಾಯಿಯ ಹೆಗಲಿಗೆ ಒರಗಿ ತೂಗುತ್ತಿದ್ದಳು. ಪಕ್ಕದಲ್ಲಿ ಹಾದುಹೋಗುವಾಗ ಅವಳ ತೋಳು ತಾಗಿತು. ಮದೀನಾಬಿ ತಟ್ಟನೆ ನಿಂತು ಮುಂಗೈಯನ್ನು ಅವಳ ಕುತ್ತಿಗೆಗಿಟ್ಟಳು. ಕಾದ ಹಂಚು. ನೂರಾ ನಾಲ್ಕಕ್ಕೆ ಒಂದು ಕೂದಲೆಳೆಯೂ ಕಡಿಮೆ ಇಲ್ಲ.

ಗುರುಪಾದಯ್ಯ ಸಕ್ರವ್ವನ ಬಾಯಿಗೆ ಒಂದು ಚಮಚ ನೀರು ಬಿಟ್ಟ. ಥರ್ಮಾಮೀಟರನ್ನು ಕೊಡದಲ್ಲಿ ಅದ್ದಿ, ಆರತಿ ಬೆಳಗಿದಂತೆ ಝಾಡಿಸಿ, ಅವಳ ಕಂಕುಳಿಗೆ ಮುಟ್ಟಿಸಿದ ಹಾಗೆ ಮಾಡಿ ತೆಗೆದ. "ತೊಂಬತ್ತೈದು! ಗುಣ ಆತು, ಹೋಗಬೇ ತಂಗಿ."

"ಮೂರು ನಿಮಿಷ ಇಡೋ!" ಎಂದು ಮದೀನಾಬಿ ಚೀರಿದಳು. "ಮೈ ಬಿಸಿ ಪಾದರಸಕ್ಕ ಏರೂ ತನಕಾ ಇಡಬೇಕು! ಈಗ ನೀ ಓದಿದ್ದು ಕೊಡದ ನೀರಿನ ಜ್ವರ! ಆಕಿ ಮೈ ಮುಟ್ಟಿ ನೋಡು!"

ಗುರುಪಾದಯ್ಯ ಪ್ರೀತಿಯಿಂದ ನಕ್ಕ. "ನಿಮ್ಮ ನೀರಿಗೆ ನೀವ ಶಂಕಾ ತಗೀತೀರೇನಬೇ ಯವ್ವಾ?" ಸಾಲಿನವರೂ ನಕ್ಕರು. ಸಕ್ರವ್ವನನ್ನು ಎತ್ತಿ ಬಸ್ಸಿಗೆ ಹತ್ತಿಸಿದರು. ಒಳಗೆ ಮೂವತ್ತು ಮಂದಿ, ಕೂಸುಗಳು.

ಅಂದು ತಾನು ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದ್ದರ ಫಲ ಇದು ಎಂದು ಮದೀನಾಬಿಗೆ ಸ್ಪಷ್ಟವಾಗಿ ತಿಳಿಯಿತು, ತಿಳಿದು ಸಂಕಟವಾಯಿತು. ಖರೇ ಮಾತನ್ನು ಎರಡು ಸಲ ಹೇಳಿದ್ದಾಯಿತು. ಆಕೆ ಕೂದಲು ಬಿಚ್ಚಿ, ಕಣ್ಣು ಮೇಲೆ ಮಾಡಿ, ಎರಡೂ ಕೈಯೆತ್ತಿ ಕೂಗಿದಳು: "ನೀರು ಸತ್ತೈತಿ! ನೀರಿನ ಶಕ್ತಿ ಹೋಗೈತಿ! ಇನ್ನ ಕುಡದಾವರ ವಂಶ ಉಳಿಯಂಗಿಲ್ಲ!"

ಗುರುಪಾದಯ್ಯನ ಕೈಯಿಂದ ಚಮಚ ಬಿತ್ತು. ಗೈಬುಸಾಬ ಓಡಿಹೋಗಿ ಬಸ್ಸಿಗೆ ಅಡ್ಡ ನಿಂತ. ಸಕ್ರವ್ವನನ್ನು ಇಳಿಸಿ, ಬೇರೆ ಚಕ್ಕಡಿಯಲ್ಲಿ ಮಲಗಿಸಿ, ತಾಯಿಯ ಹೊರತು ಯಾರೂ ಹತ್ತಿರ ಕೂರದಂತೆ ದವಾಖಾನೆಗೆ ಕಳಿಸಿರೆಂದಳು, ಕಳಿಸಿದರು. ಡಾಕ್ಟರು ಬರುವ ತನಕ ನಾಕಾ ಮುಚ್ಚಿ, ಒಬ್ಬರನ್ನೂ ಬಿಡಬೇಡಿರೆಂದಳು, ಮುಚ್ಚಿದರು. ಎಲ್ಲ ಎರಡೇ ನಿಮಿಷದಲ್ಲಿ ಮುಗಿಯಿತು. ಒಬ್ಬನಾದರೂ ಯಾಕೆ ಎಂದು ಕೇಳಲಿಲ್ಲ.

ಪಾದರಸದ ಬಗ್ಗೆ ಪರೀಕ್ಷೆಗೆ ಓದಿ ಬಂದಿದ್ದ ನೂರಜಹಾನ ನಾನಿಯ ಬಿಚ್ಚಿದ ಕೂದಲನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ಮದೀನಾಬಿ ಮುಖ ಕೊಡಲಾರದೆ ಕೂದಲು ಕಟ್ಟಿಕೊಂಡಳು. ಗುರುಪಾದಯ್ಯ ಮೆಲ್ಲಗೆ ಹತ್ತಿರ ಬಂದು, "ಯವ್ವಾ, ಇನ್ನ ಹೊಸಾ ನೀರು ಎಂದ ಮಾಡಿಕೊಡ್ತೀರಿ?" ಎಂದು ಕೇಳಿದ.

ಮದೀನಾಬಿ ಥೂ ಎಂದು ನೆಲಕ್ಕೆ ಉಗುಳಿದಳು. ಗುರುಪಾದಯ್ಯ ಅದೂ ಒಂದು ಮಂತ್ರವಿರಬೇಕೆಂದು, ಉಗುಳು ಬಿದ್ದ ಜಾಗವನ್ನು ತುಳಿಯದೆ ಪಕ್ಕಕ್ಕೆ ಸರಿದು ಕೈಮುಗಿದು ನಿಂತ.